ಅತ್ತೆ ಪಡೆದ ಆಪ್ತ ಸಮಾಲೋಚನೆ

ಸಂತಾನಹರಣ ಶಸ್ತ್ರಚಿಕಿತ್ಸೆಗೆ ಮುನ್ನ ಮಹಿಳೆಗೆ, ಆಕೆಗೆ ತಿಳಿಯುವ ಭಾಷೆಯಲ್ಲಿ, ಯಾರ ಒತ್ತಡವೂ ಇಲ್ಲದೆ ಆಪ್ತ ಸಮಾಲೋಚನೆ ನಡೆಸತಕ್ಕದ್ದು ಎಂಬುದು ನಿಯಮ. ಹೈದರಾಬಾದಿನ ಆಸ್ಪತ್ರೆಯೊಂದರ ಶಿಬಿರದಲ್ಲಿ ಇದನ್ನು ಚಾಚೂ ತಪ್ಪದೆ ಪಾಲಿಸಲಾಯಿತು.

ಭಾಗ್ಯಶ್ರೀಗೆ ಇಬ್ಬರು ಹೆಣ್ಣುಮಕ್ಕಳು. ಎರಡನೆಯ ಹೆರಿಗೆಯಲ್ಲಿ ಜೀವ ಹೋಗಿ ಬಂದಿತ್ತು. ಮೂರನೆಯದಂತೂ ಅವಳಿಗೆ ಬೇಡವೇ ಬೇಡ. ಕಲಬುರಗಿ ಕಡೆಯಿಂದ ಮದುವೆಯಾಗಿ ಬಂದವಳಿಗೆ ತೆಲುಗು ಬಾರದು, ಹಿಂದಿ ಅಷ್ಟಕ್ಕಷ್ಟೆ. ಸಮಾಲೋಚಕಿ ಶಾಮಲಾ ಅವರಿಗೆ ಕನ್ನಡ ಬಾರದು. ಆದಕಾರಣ ತಿಳಿಯುವ ಭಾಷೆಗಾಗಿ ಎರಡೂ ಭಾಷೆ ಬಲ್ಲ ಅತ್ತೆ ಶರಣಬಸಮ್ಮನವರನ್ನು ಒಳಗೆ ಕೂರಿಸಿಕೊಂಡು, ಒತ್ತಡ ಬೀಳದಿರಲೆಂದು ಬಾಗಿಲು ಹಾಕಲಾಯಿತು. ಪಟಾನ್‌ಚೆರುವಿನ ಕಾರ್ಖಾನೆಗೆ ರಜೆ ಹಾಕಿ ಬಂದಿದ್ದ ಗಂಡ ಮಹೇಶಕುಮಾರ ಹೊರಗೆ ಬೆಂಚಿನ ಮೇಲಿದ್ದ.

ಶಾಮಲಾ ಬಹಳ ಹೊತ್ತು ವಿವರಿಸಿದರು. ಅಷ್ಟನ್ನೂ ಶರಣಬಸಮ್ಮ, "ಎಲ್ಲಾ ಛಲೋ ಐತಂತ" ಎಂದು ಅನುವಾದಿಸಿದರು. ಪ್ರಶ್ನೆಗಳಿಗೆ ಸೊಸೆಯನ್ನು ದಣಿಸದೆ ತಾವೇ ಉತ್ತರಿಸಿದರು, ಮುಟ್ಟಿನ ವಿವರ ಸಹಿತ. ಒಪ್ಪಿಗೆಯನ್ನೂ ತಾವೇ ಕೊಟ್ಟರು.

ಭಾಗ್ಯಶ್ರೀ ಧೈರ್ಯ ಮಾಡಿದಳು.

"ಅತ್ತಿಯವರ, ಗಂಡಸರ ಆಪರೇಷನ್ ಭಾಳ ಸಣ್ಣದಂತ. ಅವರಿಗೇ ಮಾಡಾಕ ಬರ್ತೈತೇನು, ಕೇಳ್ರಿ."

ಹೊರಗೆ ಕೂತ ಗಂಡಸರಿಗೆ ಚಹಾ ಸಿಗುತ್ತದೆಯೇ ಎಂದು ಸೊಸೆ ಕೇಳುತ್ತಿದ್ದಾಳೆ ಅಂತ ಶರಣಬಸಮ್ಮ ತೆಲುಗಿನಲ್ಲಿ ತಿಳಿಸಿದರು. ಗಂಡನ ಮೇಲಿನ ಈ ಕಾಳಜಿಗೆ ಶಾಮಲಾ ಮನಸೋತು ಕೂಡಲೇ ಚಹಾ ಕಳಿಸಿದರು.

ತಪಾಸಣೆಯಲ್ಲಿ ಅವಳ ಮೈಯಲ್ಲಿ ರಕ್ತ ತೀರಾ ಕಡಿಮೆಯೆಂದು ಕಂಡುಬಂತು. ಶಸ್ತ್ರಚಿಕಿತ್ಸೆ ಆಗದು ಎಂದರು ಡಾಕ್ಟರ್ ಸೀತಾರಾಮ. ಆದರೆ ಪೂರ್ಣಗೊಂಡ ಸಮಾಲೋಚನೆಯನ್ನು ವ್ಯರ್ಥ ಮಾಡುವಂತಿಲ್ಲ. ಅದನ್ನು ಪಡೆದವರು ಯಾರೆಂದು ವಿಚಾರಿಸಲಾಗಿ, ಎಲ್ಲ ಕೇಳಿಸಿಕೊಂಡು ಒಪ್ಪಿಗೆಯಿತ್ತವರು ಶರಣಬಸಮ್ಮನವರೇ ಎಂದು ಖಚಿತವಾಯಿತು. ಅವರ ಮೈಯಲ್ಲಿ ರಕ್ತವೂ ಬೇಕಾದಷ್ಟಿತ್ತು.

ಶರಣಬಸಮ್ಮ ಬೆಂಚಿನ ಮೇಲಿದ್ದ ಮಗನತ್ತ ತಿರುಗಿದರು. "ಮಹೇಶ್ಯಾ, ನನಗ ಅರವತ್ತ ದಾಟೇತಿ ಅಂತ ಹೇಳೋ ಇವರಿಗೆ."

ಮಹೇಶಕುಮಾರ ಚಹಾ ಮುಗಿಸಿ ಹೇಳಿದ. ಹಾಗಾದರೆ ಶಸ್ತ್ರಚಿಕಿತ್ಸೆ ವಿಫಲವಾಗುವ ಭಯವೇ ಇಲ್ಲವೆಂದು ಡಾಕ್ಟರು ಸಂತೋಷಪಟ್ಟರು.

"ನೀನೇ ಒಪ್ಪಿಗಿ ಕೊಟ್ಟೀಯಂತಲ್ಲವ್ವಾ," ಎಂದ ಮಗ. ಶರಣಬಸಮ್ಮನವರನ್ನು ಗೌರವಪೂರ್ವಕವಾಗಿ ಒಳಗೆ ಕರೆದೊಯ್ಯಲಾಯಿತು.

ಮರುವರ್ಷ ಅದೇ ಆಸ್ಪತ್ರೆಯಲ್ಲಿ ಸನ್ಮಾನ ಸಮಾರಂಭ ನಡೆಯಿತು. ಶಿಬಿರದಲ್ಲಿ ಶಸ್ತ್ರಚಿಕಿತ್ಸೆಗೆ ಒಳಗಾದ ಅತ್ತೆ ವರ್ಷವಾದರೂ ಗರ್ಭ ಧರಿಸಿಲ್ಲವಾದ್ದರಿಂದ, ಇನ್ನು ಮುಂದೆ ಅತ್ತೆಯಂದಿರಿಗೇ ಆದ್ಯತೆಯೆಂದು ಘೋಷಿಸಲಾಯಿತು. ವೇದಿಕೆಯಲ್ಲಿ ಶರಣಬಸಮ್ಮ ಶಾಲು ಹೊದ್ದು ಕೂತಿದ್ದರು. ಈಗೀಗ ಅವರಿಗೂ ಇದು ಸರಿಯೆನಿಸಿತ್ತು. ಎಲ್ಲರೂ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಏಳು ತಿಂಗಳ ಬಸುರಿ ಭಾಗ್ಯಶ್ರೀ ಎದ್ದು ನಿಲ್ಲಲಾರದೆ, ಕೂತಲ್ಲಿಂದಲೇ ತಟ್ಟಿದಳು.