ಎರಡು ಕುರಿನಾಯಿ, ಒಂದು ತಲೆ ಕಡಿಮೆ

ತಲೆ ಎಣಿಸಿ ಹೊಟ್ಟೆ ಹೊರೆಯುವವನಿಗೆ ಲೆಕ್ಕ ತಪ್ಪುವುದು ಹೊಸದಲ್ಲ. ಹಂಪಿಯಲ್ಲಿ ಇಪ್ಪತ್ತೆರಡು ವರ್ಷದಿಂದ ಗೈಡ್ ಆಗಿದ್ದೇನೆ. ಜನ ಬಸ್ಸಿನಿಂದ ಇಳಿಯುವಾಗ ಒಮ್ಮೆ, ಹತ್ತುವಾಗ ಒಮ್ಮೆ ಎಣಿಸುತ್ತೇನೆ. ಸಾಮಾನ್ಯವಾಗಿ ಒಬ್ಬರು ಕಡಿಮೆ ಬರುತ್ತಾರೆ. ಯಾವುದೋ ಕಂಬದ ಹಿಂದೆ ಸೆಲ್ಫಿ ತೆಗೆಯುತ್ತಿರುತ್ತಾರೆ. ಒಂದು ಸಲ ಮಾತ್ರ ಒಬ್ಬರು ಹೆಚ್ಚಾದರು. ಇಳಿದವರು ಹದಿನಾಲ್ಕು, ಹತ್ತಿದವರು ಹದಿನೈದು. ಮೂರು ಸಲ ಎಣಿಸಿದೆ, ಮೂರು ಸಲವೂ ಹದಿನೈದೇ. ನಡು ಮಧ್ಯಾಹ್ನದ ಬಿಸಿಲಲ್ಲಿ ನನಗೆ ಬೆನ್ನು ತಣ್ಣಗಾಯಿತು. ಕೊನೆಗೆ ಹಿಂದಿನ ಸೀಟಿನಿಂದ ಒಬ್ಬ ಯಜಮಾನರು ಎದ್ದು ನಿಂತರು. "ನಾ ಮಂಟಪದಾಗ ಮಲಗಿದ್ದೆರಿ. ನೀವು ಭಾಳ ಚಂದ ಹೇಳಾಕತ್ತಿದ್ರಿ, ಹಂಗ ಹಿಂದ ಬಂದೆ. ಈ ಬಸ್ಸು ಮರಿಯಮ್ಮನಹಳ್ಳಿಗೆ ಹೋಗತೈತೇನ್ರಿ?" ಅಂದರು.

ಇಂಥವು ನನಗೆ ಆಗುತ್ತಲೇ ಇರುತ್ತವೆ. ಆದರೆ ಹೋದ ವರ್ಷ ಲೆಕ್ಕ ತಪ್ಪಿದ್ದು ಕಮಲಾಪುರದ ನಮ್ಮ ಮನೆಯಲ್ಲೇ. ಅಲ್ಲಿ ಎಣಿಸುತ್ತಿದ್ದವನು ನಾನಲ್ಲ, ನಮ್ಮವ್ವ.

ಬೀಗವೋ ನಾಯಿಯೋ

ಅವ್ವ ಪಾಪಿನಾಯಕನಹಳ್ಳಿಯ ಕುರಿ ಕಾಯುವವರ ಮನೆಯ ಮಗಳು. ನಾನು ಗೈಡ್ ಆದ ಹೊಸದರಲ್ಲಿ ನನ್ನ ಕೆಲಸ ನೋಡಿ ನಕ್ಕಿದ್ದಳು. "ನೀ ತಲಿ ಎಣಸ್ತೀಯಲೇ. ನಾವು ತಲಿ ಎಣಸಂಗಿಲ್ಲ, ಮಾರಿ ನೋಡ್ತೀವಿ. ನೂರು ಕುರಿ ಇದ್ರೂ ಯಾವ ಮಾರಿ ಇಲ್ಲ ಅಂತ ಗೊತ್ತಾಗತೈತಿ" ಅಂತ ತನ್ನ ಮುಖದ ಮೇಲೆ ಕೈಯಾಡಿಸಿ ಹೇಳಿದ್ದಳು.

ಈಗ ಅವಳಿಗೆ ಎಪ್ಪತ್ತೆಂಟು. ಮೂರು ವರ್ಷದಿಂದ ಮರೆವು. ಊಟ ಮಾಡಿದ್ದು ನೆನಪಿರುವುದಿಲ್ಲ, ಮಾಡದ್ದು ಮಾತ್ರ ಚೆನ್ನಾಗಿ ನೆನಪಿರುತ್ತದೆ. ಅದನ್ನೆಲ್ಲ ನಾವು ನಕ್ಕು ಸಹಿಸಿಕೊಂಡಿದ್ದೆವು. ಸಹಿಸಲಾಗದ್ದು ಒಂದೇ. ದಿನಾ ಸಂಜೆ ದೀಪ ಹಚ್ಚುವ ಹೊತ್ತಿಗೆ ಅವ್ವ ಹೊಸ್ತಿಲಲ್ಲಿ ನಿಲ್ಲುತ್ತಿದ್ದಳು. ನನ್ನ ಹೆಂಡತಿಯ ಮುಖ ನೋಡುವಳು, ಪಿಯುಸಿ ಓದುವ ನನ್ನ ಮಗಳ ಮುಖ ನೋಡುವಳು. ಆಮೇಲೆ ಅಂಗಳದ ಕಡೆ ನೋಡಿ ಮೆಲ್ಲಗೆ ಹೇಳುವಳು: "ಒಂದು ಕಡಿಮಿ ಐತಿ."

ನಾನು ಅದೇ ಹೊತ್ತಿಗೆ ಮನೆಗೆ ಬಂದು ಬೇವಿನ ಮರದ ಕೆಳಗೆ ಬೈಕು ನಿಲ್ಲಿಸುತ್ತಿದ್ದೆ. "ಯಾರವ್ವ ಕಡಿಮಿ?" ಅಂತ ಕೇಳಿದರೆ, "ನಿಮಗ ಗೊತ್ತಾಗಂಗಿಲ್ಲ ಬಿಡ್ರಿ" ಅನ್ನುವಳು. ಹೆತ್ತ ಮಗನಿಗೆ 'ಬಿಡ್ರಿ'! ಚುಚ್ಚುತ್ತಿದ್ದಾಳೆ ಅಂದುಕೊಂಡು ಒಳಗೆ ಹೋಗುತ್ತಿದ್ದೆ.

ಅಪ್ಪ ತೀರಿಕೊಂಡು ಒಂಬತ್ತು ವರ್ಷ. ಅವ್ವನನ್ನು ಕರೆಯುತ್ತಿರುವುದು ಅವರೇ ಅಂತ ನನ್ನ ಹೆಂಡತಿಗೆ ಖಾತ್ರಿಯಾಗಿತ್ತು. ನನಗೆ ಅಷ್ಟು ಖಾತ್ರಿ ಇರಲಿಲ್ಲ, ಆದರೆ ಸಂಜೆಯಾದ ಮೇಲೆ ಬೇವಿನ ಮರದ ಕಡೆ ಬೆನ್ನು ಹಾಕುವುದನ್ನು ನಾನೂ ಬಿಟ್ಟೆ. ಒಂದು ಸಂಜೆ ಅವ್ವ ಆ 'ಒಂದ'ನ್ನು ಹುಡುಕಿಕೊಂಡು ಹೊರಟೇಬಿಟ್ಟಳು. ಬಾಳೆಗೊನೆ ಹೊರುವವರೊಬ್ಬರು ಅವಳನ್ನು ಕಾಲುವೆಯ ದಡದಿಂದ ಕರೆತಂದರು. ಸೀರೆಯ ಅಂಚು ಒದ್ದೆಯಾಗಿತ್ತು.

"ನಾಳಿಂದ ಗೇಟಿಗೆ ಬೀಗ" ಅಂದಳು ಹೆಂಡತಿ. ಬಯಲಲ್ಲಿ ಬೆಳೆದವಳನ್ನು ಬೀಗ ಜಡಿದು ಕೂಡಿಹಾಕಲು ನನಗೆ ಮನಸ್ಸು ಬರಲಿಲ್ಲ. ಪಶು ಆಸ್ಪತ್ರೆಯಲ್ಲಿ ಕಂಪೌಂಡರ್ ಆಗಿದ್ದು ನಿವೃತ್ತರಾದ ಪಕ್ಕದ ಮನೆಯ ಕಾಕಾ ದಾರಿ ತೋರಿಸಿದರು. "ಕುರಿ ಕಾಯೋ ಜಾತಿ ನಾಯಿ ತರ್ರಿ. ತಪ್ಪಿಸಿಕೊಂಡದ್ದನ್ನ ಹೊಡಕೊಂಡು ಬರೋದು ಅದರ ರಕ್ತದಾಗ ಐತಿ. ಸಂಡೂರಾಗ ಒಂದು ಜರ್ಮನ್ ಶೆಫರ್ಡ್ ಐತಿ, ಕಂಪ್ಲಿಯಾಗ ಕೋಲಿ ಅನ್ನೋ ಚಳಿ ದೇಶದ ಕುರಿನಾಯಿ ಒಂದು ಐತಿ. ಎರಡೂ ಮನಿಯವರು ಯಾರಿಗಾರ ಕೊಡಬೇಕಂತ ಅದಾರ. ಎರಡೂ ತಂದು ನೋಡ್ರಿ, ಚಲೋದು ಇಟಗೊಳ್ರಿ."

ಹೆಂಡತಿ ಒಂದು ತಿಂಗಳು ಗಡುವು ಕೊಟ್ಟಳು. ಅಷ್ಟರಲ್ಲಿ ಅವ್ವ ಮತ್ತೆ ಕಾಲುವೆಗೆ ಹೋದರೆ ಬೀಗವೇ. ಒಂದು ತಿಂಗಳು ಸಾಕಾದೀತೇ ಅಂತ ನಾನು ರಾಗ ಎಳೆದೆ. "ನಾಯಿ ನೋಡಾಕ ಒಂದು ತಿಂಗಳು ಕೊಟ್ಟೀನಿ. ನಿಮ್ಮನ್ನ ನೋಡಾಕ ನನಗ ಅರ್ಧ ತಾಸೂ ಕೊಟ್ಟಿರಲಿಲ್ಲ" ಅಂದಳು.

ಸಂಡೂರಪ್ಪ

ಜರ್ಮನ್ ಶೆಫರ್ಡ್ ಇದ್ದದ್ದು ಸಂಡೂರಿನ ಗಣಿಯೊಂದರಲ್ಲಿ ಸೆಕ್ಯುರಿಟಿಯಾಗಿದ್ದವರ ಮನೆಯಲ್ಲಿ. ಅವರು ಬೇರೆ ಊರಿಗೆ ಹೊರಟಿದ್ದರು. "ಸರ್, ಫುಲ್ ಡಿಸಿಪ್ಲಿನ್. ಹೇಳಿದ್ದು ಕೇಳತೈತಿ, ಹೇಳದೇ ಇದ್ದದ್ದು ಮಾಡಂಗಿಲ್ಲ" ಅಂದರು. ನಮ್ಮ ಮನೆಯಲ್ಲಿ ಅಂಥವರು ಒಬ್ಬರೂ ಇಲ್ಲದ್ದರಿಂದ ನನಗೆ ಸಂತೋಷವಾಯಿತು.

ಮನೆಗೆ ತಂದು ಸ್ನಾನ ಮಾಡಿಸಿದರೆ ಮೂರು ಸಲವೂ ಗಣಿ ಧೂಳಿನ ಕೆಂಪು ನೀರೇ ಇಳಿಯಿತು. ನಾಲ್ಕನೆಯ ಸಲಕ್ಕೆ ಅದರ ನಿಜವಾದ ಬಣ್ಣ ಗೊತ್ತಾಯಿತು. ಹಳೆಯ ಹೆಸರು ಯಾರ ಬಾಯಿಗೂ ಹೊರಳದೆ ಮಗಳು 'ಸಂಡೂರಪ್ಪ' ಅಂತ ಕರೆದಳು. ಅದಕ್ಕೆ ಇಂಗ್ಲಿಷ್ ಬಿಟ್ಟು ಬೇರೆ ಬರುತ್ತಿರಲಿಲ್ಲ. ನನ್ನ ಹೆಂಡತಿ "ಕುಂದ್ರು" ಅಂದರೆ ಅವಳ ಮುಖವನ್ನೇ ನೋಡುವುದು. ಅವ್ವ ಮಾತ್ರ ಕುರಿ ಕರೆಯುವ ಹಳೆಯ ಕೂಗು ಹಾಕಿದ್ದೇ ತಡ, ಎದ್ದು ಬಂದು ಅವಳ ಎಡಗಾಲಿನ ಹತ್ತಿರ ನಿಂತಿತು. ಆ ಕೂಗನ್ನು ಅದಕ್ಕೆ ಯಾರು ಕಲಿಸಿದ್ದರು ಅಂತ ಇವತ್ತಿಗೂ ನನಗೆ ತಿಳಿಯದು.

ಮೊದಲ ಸಂಜೆ. ನಾನು ಬೇವಿನ ಮರದ ಕೆಳಗೆ ಬೈಕು ನಿಲ್ಲಿಸಿದೆ. ಅವ್ವ ಹೊಸ್ತಿಲಲ್ಲಿ ನಿಂತು "ಒಂದು ಕಡಿಮಿ ಐತಿ" ಅಂದಳು. ಸಂಡೂರಪ್ಪ ಕಿವಿ ನಿಮಿರಿಸಿ ನನ್ನ ಕಡೆ ನೋಡಿತು. ಬೊಗಳಲಿಲ್ಲ, ಬಾಲ ಅಲ್ಲಾಡಿಸಲಿಲ್ಲ. ಕಣ್ಣು ನನ್ನ ಎತ್ತರಕ್ಕೇ ನೆಟ್ಟಿತ್ತು. ನನ್ನ ಹಿಂದೆ ಯಾರೋ ನಿಂತಿದ್ದಾರೆ ಅಂತ ಗಕ್ಕನೆ ತಿರುಗಿದೆ. ಯಾರೂ ಇಲ್ಲ. ಗಾಳಿಯೂ ಇಲ್ಲದ ಹೊತ್ತಲ್ಲಿ ಒಂದು ಬೇವಿನೆಲೆ ನನ್ನ ಹೆಗಲ ಮೇಲೆ ಬಿತ್ತು.

ಕೂಡಲೇ ಸೆಕ್ಯುರಿಟಿಯವರಿಗೆ ಫೋನ್ ಹಚ್ಚಿದೆ. "ಅಂಜಬ್ಯಾಡ್ರಿ ಸರ್. ಯಾರ ಮ್ಯಾಲಾರ ಸಂಶಯ ಬಂದ್ರ ಹಂಗ ನೋಡತೈತಿ. ಡ್ಯೂಟಿ ಮ್ಯಾಲೆ ನನ್ನನ್ನೂ ಭಾಳ ಸಲ ಹಂಗ ನೋಡೇತಿ" ಅಂದರು.

ಕಂಪ್ಲಮ್ಮ

ವಾರದ ಮೇಲೆ ಕಂಪ್ಲಿಗೆ ಹೋದೆ. ಅಲ್ಲಿ ಅಕ್ಕಿ ಗಿರಣಿಯ ಸಾಹುಕಾರರು ಮೊಮ್ಮಕ್ಕಳ ಹಟಕ್ಕೆ ಕೋಲಿ ತರಿಸಿದ್ದರು. ಉದ್ದ ಮೂತಿ, ಕತ್ತಿನ ಸುತ್ತ ಬಿಳಿ ಕೂದಲು, ನಡೆದರೆ ಸೀರೆ ನೆರಿಗೆ ಹಾರಿದಂತೆ. ನಮ್ಮ ಬಿಸಿಲಿಗೆ ಅದು ಬಾಯಿ ಬಿಟ್ಟುಕೊಂಡೇ ಇರುತ್ತಿತ್ತಂತೆ. ಗಿರಣಿಯಲ್ಲಿ ಎಸಿ ಇದ್ದದ್ದು ಸಾಹುಕಾರರ ಕೋಣೆಗೆ ಮಾತ್ರ. "ಮೊದಲು ಅದು ಕೆಳಗ ಮಲಗತಿತ್ರಿ, ಆಮೇಲೆ ಕುರ್ಚಿ ಮ್ಯಾಲೆ. ಈಗ ನಾ ಹೊರಗ ಕುಂದ್ರತೀನಿ. ಬಂದವರು ಒಳಗ ಹೋಗಿ ಅದಕ್ಕೇ ನಮಸ್ಕಾರ ಮಾಡಿ ಬರಾಕತ್ಯಾರ. ಜಲ್ದಿ ಒಯ್ರಿ" ಅಂದರು.

ನಮ್ಮ ಮನೆಗೆ ಬಂದು 'ಕಂಪ್ಲಮ್ಮ' ಆದ ಕೋಲಿ ಬಚ್ಚಲುಮನೆ ಹಿಡಿಯಿತು. ನೀರು ಹಾಕಿದ ನೆಲದ ಮೇಲೆ ಕಾಲು ಚಾಚಿ ಮಲಗಿದರೆ ನಮಗೆ ಸ್ನಾನವಿಲ್ಲ.

ಕಾಕಾ ದಿನಾ ಬಂದು ಎರಡನ್ನೂ ತೂಗಿ ನೋಡುತ್ತಿದ್ದರು. ಕಾವಲಿಗೆ ಸಂಡೂರಪ್ಪ, ಮಕ್ಕಳ ಜೊತೆಗೆ ಕಂಪ್ಲಮ್ಮ. ಸಂಡೂರಪ್ಪ ಅಡ್ಡ ನಿಂತು ತಡೆಯುತ್ತದೆ, ಕಂಪ್ಲಮ್ಮ ಸುತ್ತು ಹಾಕಿ ತರುತ್ತದೆ. ಕೂದಲು ಎರಡೂ ಉದುರಿಸುತ್ತವೆ, ಒಂದರದು ಸಾರಿನಲ್ಲಿ, ಇನ್ನೊಂದರದು ಅನ್ನದಲ್ಲಿ.

ಸುತ್ತು ಹಾಕುವುದು ಅಂದರೆ ಏನು ಅಂತ ಒಂದು ಸಂಜೆ ಗೊತ್ತಾಯಿತು. ಅವ್ವ "ಒಂದು ಕಡಿಮಿ ಐತಿ" ಅಂದಳು. ಕಂಪ್ಲಮ್ಮ ಬಚ್ಚಲಿನಿಂದ ಎದ್ದು ಬಂದು ನನ್ನ ಹೆಂಡತಿ, ಮಗಳು ಇಬ್ಬರನ್ನೂ ಮೂತಿಯಿಂದ ತಳ್ಳಿ ಅವ್ವನ ಮುಂದೆ ಸಾಲಾಗಿ ನಿಲ್ಲಿಸಿತು. ಇಬ್ಬರ ನಡುವೆ ಮಾತ್ರ ಒಬ್ಬ ಆಳು ನಿಲ್ಲುವಷ್ಟು ಜಾಗ ಬಿಟ್ಟಿತು. ಮಗಳು ಹತ್ತಿರ ಸರಿದರೆ ಮತ್ತೆ ಆಚೆ ತಳ್ಳಿತು. ಆಮೇಲೆ ಆ ಖಾಲಿ ಜಾಗದ ಸುತ್ತ ಒಂದು ಸುತ್ತು ಬಂದು, ಅಲ್ಲಿ ಯಾರೋ ಇದ್ದಾರೆ ಅನ್ನುವ ಹಾಗೆ ಮೇಲೆ ನೋಡಿತು. ಮರದ ಕೆಳಗೆ ನಿಂತು ನೋಡುತ್ತಿದ್ದ ನನಗೆ ಮೈಯ ಕೂದಲೆಲ್ಲ ನಿಮಿರಿದವು.

ಹೆಂಡತಿ ಕೈ ಮುಗಿದಳು. "ಅಲ್ಲಿ ನಿಂತವರು ಮಾವನೋರ ಅದಾರ. ನನಗ ಸಂಶಯನ ಇಲ್ಲ" ಅಂದಳು. ಹೇಗೆ ಅಷ್ಟು ಗಟ್ಟಿಯಾಗಿ ಹೇಳುತ್ತೀ ಅಂತ ಕೇಳಿದೆ. "ಬದುಕಿದ್ದಾಗೂ ಹಂಗ. ನಾನು ಮಗಳು ಏನಾರ ಮಾತಾಡಾಕತ್ತಿದ್ರ ನಡಕ ಬಂದು ನಿಂದರ್ತಿದ್ರು."

ಹನ್ನೊಂದು ಮಂದಿ

ಒಂದು ದಿನ ಎರಡೂ ನಾಯಿ ನನ್ನ ಬೈಕಿನ ಹಿಂದೆಯೇ ಹಂಪಿಗೆ ಓಡಿ ಬಂದುಬಿಟ್ಟವು. ಗುಡಿಯ ಒಳಗೆ ನಾಯಿ ಬಿಡುವ ಹಾಗಿಲ್ಲ. ಆವತ್ತು ನನ್ನ ಜೊತೆ ಇದ್ದ ಹನ್ನೊಂದು ಮಂದಿ ಹೊರಗೆ ಬಂಡೆಗಳ ನಡುವೆ ಫೋಟೋ ತೆಗೆಯುತ್ತಾ ಚದುರಿದ್ದರು. ಮಧ್ಯಾಹ್ನ ಹನ್ನೆರಡೂವರೆ. ಆ ಹೊತ್ತಲ್ಲಿ ಅಲ್ಲಿ ಒಂದು ಹಕ್ಕಿಯೂ ಕೂಗುವುದಿಲ್ಲ. ನಾವೇ ಆಡಿದ ಮಾತು ಬಂಡೆಗೆ ತಾಗಿ ಸ್ವಲ್ಪ ತಡವಾಗಿ ಬೇರೆ ಯಾರದೋ ಹಾಗೆ ವಾಪಸ್ಸು ಬರುತ್ತದೆ.

ಕಂಪ್ಲಮ್ಮ ಒಂದು ಕಡೆಯಿಂದ, ಸಂಡೂರಪ್ಪ ಇನ್ನೊಂದು ಕಡೆಯಿಂದ ಹೋದವು. ಐದು ನಿಮಿಷದಲ್ಲಿ ಹನ್ನೊಂದು ಮಂದಿಯೂ ಒಂದು ಬಂಡೆಯ ನೆರಳಲ್ಲಿ ಭುಜಕ್ಕೆ ಭುಜ ತಾಗಿಸಿ ನಿಂತಿದ್ದರು. ಎಣಿಸಿದೆ, ಸರಿ ಇತ್ತು. ಆದರೆ ನಾಯಿಗಳಿಗೆ ಸಮಾಧಾನವಿಲ್ಲ. ಎರಡೂ ಒಟ್ಟಿಗೆ ತಿರುಗಿ ನನ್ನ ಕಡೆ ನೋಡಿದವು. ಮೆಲ್ಲಗೆ, ಹೊಟ್ಟೆ ನೆಲಕ್ಕೆ ತಾಗಿಸಿಕೊಂಡು, ನನ್ನ ಎರಡೂ ಪಕ್ಕಕ್ಕೆ ಬರತೊಡಗಿದವು. ನಾನು ಮತ್ತೆ ಹಿಂದೆ ತಿರುಗಿ ನೋಡಿದೆ. ಬಂಡೆ, ಬಿಸಿಲು, ಟೋಪಿ ಹೊತ್ತ ನನ್ನದೇ ಗಿಡ್ಡ ನೆರಳು. "ಯಾರ್ರೀ ಅದು?" ಅಂತ ಕೂಗಿದೆ. "ಯಾರ್ರೀ ಅದು?" ಅಂತ ಬಂಡೆಯೂ ಕೇಳಿತು.

ಗುಂಪಿನ ಹಿರಿಯರೊಬ್ಬರು ಹೊರಡುವಾಗ ಕೈ ಕುಲುಕಿ, "ನೀವೂ ಪರವಾಗಿಲ್ಲ, ಆದರೆ ನಮ್ಮ ಬಗ್ಗೆ ನಿಜವಾದ ಕಾಳಜಿ ತೋರಿಸಿದ್ದು ಆ ಇಬ್ಬರೇ" ಅಂದರು.

ಮೂವತ್ತನೇ ದಿನ

ಹೆಂಡತಿ ಹೊಸಪೇಟೆಯಿಂದ ಬೀಗ ತಂದು ದೇವರ ಗೂಡಿನ ಪಕ್ಕದಲ್ಲೇ ಇಟ್ಟಿದ್ದಳು. ಎಷ್ಟು ದೊಡ್ಡದು ಅಂದರೆ ಗೋದಾಮಿಗೆ ಹಾಕುವಂಥದ್ದು. ಇಪ್ಪತ್ತೊಂಬತ್ತು ದಿನ ಏನೂ ಆಗಿರಲಿಲ್ಲ. ಮೂವತ್ತನೇ ದಿನ ಸಂಜೆ ಬಂದಾಗ ಗೇಟು ತೆರೆದಿತ್ತು, ಹೊಸ್ತಿಲಲ್ಲಿ ಅವ್ವ ಇರಲಿಲ್ಲ, ನಾಯಿಗಳೂ ಇರಲಿಲ್ಲ. "ಹಾಲು ಇಳಸಾಕ ಒಳಗ ಹೋಗಿದ್ದೆರಿ, ಅಷ್ಟ..." ಅಂತ ಹೆಂಡತಿ ಅಳುತ್ತಿದ್ದಳು.

ಮೂವರೂ ಬಾಳೆತೋಟದ ದಾರಿಯಲ್ಲಿ ಓಡಿದೆವು. ಹೊರಗೆ ಇನ್ನೂ ಬೆಳಕಿತ್ತು, ತೋಟದೊಳಗೆ ಆಗಲೇ ಕತ್ತಲಾಗಿತ್ತು. ಎಲೆಗಳು ಅಲ್ಲಾಡುತ್ತಿದ್ದವು, ಗಾಳಿ ಇರಲಿಲ್ಲ. ದೂರದಿಂದ ಅವ್ವನ ಕೂಗು ಕೇಳಿತು, ಸಂಜೆಗೆ ಕುರಿ ಕರೆಯುವ ಕೂಗು. ಕರೆಸಿಕೊಳ್ಳಲು ಅಲ್ಲಿ ಒಂದು ಕುರಿಯೂ ಇರಲಿಲ್ಲ. ಇನ್ನೂ ಜೋರಾಗಿ ಓಡಿದೆ.

ಅವ್ವ ಕಾಲುವೆಯ ಮೆಟ್ಟಿಲ ಮೇಲೆ ಕೂತಿದ್ದಳು. ಅವಳ ಪಾದಕ್ಕೂ ನೀರಿಗೂ ನಡುವೆ ಸಂಡೂರಪ್ಪ ಅಡ್ಡಲಾಗಿ ಮಲಗಿತ್ತು. ಅದನ್ನು ದಾಟದೆ ನೀರಿಗೆ ಹೋಗುವ ಹಾಗಿರಲಿಲ್ಲ. ಕಂಪ್ಲಮ್ಮ ಮೇಲೆ ದಾರಿ ಕಾಯುತ್ತಿತ್ತು, ನಾವು ಬಂದ ಕೂಡಲೇ ಎಲ್ಲರನ್ನೂ ಅವಳ ಕಡೆ ತಳ್ಳತೊಡಗಿತು.

"ನಡಿಯವ್ವ ಮನಿಗೆ" ಅಂತ ಅವಳ ಪಕ್ಕದ ಮೆಟ್ಟಿಲಿಗೆ ಇಳಿದೆ.

"ಬರಂಗಿಲ್ಲ." ಅವಳು ಒಬ್ಬೊಬ್ಬರ ಮುಖ ನೋಡಿದಳು. "ಸೊಸಿ ಬಂದ್ಲು. ಮೊಮ್ಮಗಳು ಬಂದ್ಲು. ಒಂದು ಕಡಿಮಿ ಐತಿ. ಅದು ಬರೋಮಟ ನಾ ಏಳಂಗಿಲ್ಲ."

ಎರಡೂ ನಾಯಿಗಳು ತಲೆ ತಿರುಗಿಸಿ ನನ್ನನ್ನು ನೋಡಿದವು. ನನ್ನ ಹಿಂದೆ ಕಪ್ಪಗಾದ ತೋಟ. "ಅಪ್ಪಾ, ನೀನಾಗಿದ್ದರೆ ಒಳ್ಳೆ ಮಾತಲ್ಲಿ ಹೋಗಿಬಿಡು" ಅಂತ ಮನಸ್ಸಲ್ಲೇ ಕೈ ಮುಗಿದೆ. ಆಗ ಕಂಪ್ಲಮ್ಮ ಹಿಂದಿನಿಂದ ಬಂದು ನನ್ನ ಮಂಡಿಯ ಹಿಂಭಾಗಕ್ಕೆ ಒಂದೇ ಸಲ ತಲೆ ಕೊಟ್ಟಿತು. ಸಂಡೂರಪ್ಪ ಮಲಗಿದಲ್ಲಿಂದಲೇ ನನ್ನ ಪ್ಯಾಂಟಿನ ತುದಿ ಹಿಡಿದು ಎಳೆಯಿತು. ನಾನು ಅವ್ವನ ಮುಂದೆ ಮೊಣಕಾಲೂರಿ ಬಿದ್ದೆ. ಗೈಡ್ ಟೋಪಿ ಒಂದು ಕಡೆ, ಅವಸರದಲ್ಲಿ ತೆಗೆಯಲು ಮರೆತಿದ್ದ ಕಪ್ಪು ಕನ್ನಡಕ ಇನ್ನೊಂದು ಕಡೆ ಹಾರಿ ಕಾಲುವೆಗೆ ಬಿದ್ದವು.

ಅವ್ವ ಬಗ್ಗಿ ನನ್ನ ಮುಖ ನೋಡಿದಳು. ಹುಬ್ಬಿನ ಮೇಲೆ ಕೈಯಾಡಿಸಿದಳು. ನಾನು ಏಳು ವರ್ಷದವನಿದ್ದಾಗ ಟಗರು ಹಾಯ್ದ ಗುರುತು ಅಲ್ಲಿದೆ.

"ಬಂದ್ಯಾ ಯಪ್ಪಾ? ಎಲ್ಲಿ ಹೋಗಿದ್ದೆಲೇ ಇಷ್ಟು ದಿನ?"

ಸೂರ್ಯೋದಯ ನೋಡುವವರಿಗಾಗಿ ಅವ್ವ ಏಳುವ ಮೊದಲೇ ನಾನು ಹೊರಡುತ್ತೇನೆ. ಸಂಜೆ ಬರುವುದು ಟೋಪಿ, ಕನ್ನಡಕ, ಕೊರಳಲ್ಲಿ ಗುರುತಿನ ಚೀಟಿ. ಉಂಡು ಮುಗಿಸುವವರೆಗೂ ಟೋಪಿ ತೆಗೆಯುವುದಿಲ್ಲ, ಬೋಳು ತಲೆ ಮುಚ್ಚಿಕೊಳ್ಳುವ ಚಾಳಿ. ಎರಡು ವರ್ಷ ದಿನಾ ಅವಳೆದುರು ನಿಂತು "ಯಾರವ್ವ ಕಡಿಮಿ?" ಅಂತ ನಾನೇ ಕೇಳಿದ್ದೆ. ಮಗುವಿನ ಹಾಗೆ ಅವಳ ಮಡಿಲಲ್ಲಿ ತಲೆಯಿಟ್ಟು ಅತ್ತೆ.

ಆಮೇಲೆ ಕಾಕಾ, ಗುಂಪಿನಿಂದ ದೂರ ನಿಂತವನನ್ನು ಕುರಿನಾಯಿ ಹಾಗೆಯೇ ನೋಡುತ್ತದೆ, ಅದರಲ್ಲಿ ದೆವ್ವ ಏನಿಲ್ಲ ಅಂದರು. ಎರಡರಲ್ಲಿ ಯಾವುದು ಇಟ್ಟುಕೊಳ್ಳುತ್ತೀರಿ ಅಂತ ಕೇಳಿದರು. ಒಂದು ತಡೆಯಲು, ಒಂದು ತರಲು, ಎರಡೂ ಬೇಕು ಅಂದಳು ನನ್ನ ಹೆಂಡತಿ. ಬೀಗವನ್ನು ಬಚ್ಚಲುಮನೆಗೆ ಹಾಕುತ್ತಾಳೆ, ನಮಗೂ ಸ್ನಾನ ಆಗಬೇಕಲ್ಲ.

ಆದರೆ ಆವತ್ತಿನ ಕೊನೆಯ ಮಾತು ಅವ್ವನದು. ಮನೆ ಕಡೆ ನಡೆಯುವಾಗ ನನ್ನ ಕೈಯನ್ನು ಗಟ್ಟಿಯಾಗಿ ಹಿಡಿದಿದ್ದಳು. ಒಂದು ನಾಯಿ ಮುಂದೆ, ಒಂದು ಹಿಂದೆ. ಗೇಟಿನ ಹತ್ತಿರ ನಿಂತು, ಬೇವಿನ ಮರದ ಕೆಳಗೆ ನಿಲ್ಲಿಸಿದ ನನ್ನ ಬೈಕು ನೋಡಿ, ನನ್ನ ಕಿವಿಯ ಹತ್ತಿರ ಬಾಯಿ ತಂದಳು.

"ದಿನಾ ಸಂಜಿಕ ನಮ್ಮನಿಗೆ ಒಬ್ಬ ಗೈಡ್ ಸಾಹೇಬ್ರು ಬರ್ತಾರ. ಟೋಪಿ ಹಾಕ್ಕೊಂಡ ಉಣ್ತಾರ, ಆದ್ರ ಒಳ್ಳೇವ್ರು. ನೀ ಒಂದು ಮಾತು ಹೇಳು ಅವರಿಗೆ, ಇಲ್ಲಿ ಕುಂತು ಹೊತ್ತು ಕಳಿಬ್ಯಾಡ್ರಿ, ಜಲ್ದಿ ನಿಮ್ಮನಿಗೆ ಹೋಗ್ರಿ ಅಂತ. ಪಾಪ, ಅವರವ್ವನೂ ಹೊಸ್ತಿಲದಾಗ ನಿಂತು ಕಾಯ್ತಿರ್ತಾಳ."