ಮೇಷ್ಟ್ರ ಎಡಗಾಲು

ಮೊದಲು ಬಂದದ್ದು ವಾಸನೆ. ಮಾರುಕಟ್ಟೆ ರಸ್ತೆಯ ಏರಿನ ನಡುವೆ ಕಾರು ಉಬ್ಬಸದ ಮುದುಕನ ಹಾಗೆ ಕೆಮ್ಮಿ ನಿಂತಾಗ ಡ್ರೈವಿಂಗ್ ಮೇಷ್ಟ್ರು ಮೂಗರಳಿಸಿ, "ಯಾರ ಮನೇಲೋ ಹಾಲು ಸೀದಿದೆ" ಅಂದರು.

ಸ್ಟೀರಿಂಗ್ ಹಿಡಿದಿದ್ದ ಹೆಂಡತಿ ತಣ್ಣಗೆ ಹೇಳಿದಳು: "ರೀ, ಸೀದಿರೋದು ನಮ್ಮದೇ. ಮುಂದೆ ನೋಡಿ, ಹೊಗೆ."

ಆಕ್ಸಿಲರೇಟರ್ ಒತ್ತಿದರೆ ಎಂಜಿನ್ ಹುಲಿಯ ಹಾಗೆ ಗರ್ಜಿಸುತ್ತಿತ್ತು, ಕಾರು ಮಾತ್ರ ಹಸುವಿನ ಹಾಗೆ ಮಲಗಿತ್ತು. ಕ್ಲಚ್ ಪ್ಲೇಟಿನ ಕಥೆ ಮುಗಿದಿತ್ತು.

ಬೇರೆ ದಿನವಾಗಿದ್ದರೆ ಮೇಷ್ಟ್ರು ಇಷ್ಟು ಬೆವರುತ್ತಿರಲಿಲ್ಲ. ಆದರೆ ಅವತ್ತೇ ಸಂಜೆ ನಾಲ್ಕಕ್ಕೆ ಹೆಂಡತಿಯ ಡ್ರೈವಿಂಗ್ ಟೆಸ್ಟು. ಮೂರನೆಯ ಸಲ. ಹಿಂದಿನ ಎರಡು ಸಲವೂ ಟೆಸ್ಟ್ ಮೈದಾನದ ದಿಬ್ಬದ ಮೇಲೆ ಕಾರು ಹಿಂದಕ್ಕೆ ಉರುಳಿ, ನೆಟ್ಟಿದ್ದ ಕೋಲನ್ನು ಮಲಗಿಸಿತ್ತು. ಅಷ್ಟಾದದ್ದೇ ತಡ, ಎದುರು ಸಾಲಿನ ಡ್ರೈವಿಂಗ್ ಸ್ಕೂಲಿನವನು ದೊಡ್ಡದೊಂದು ಬೋರ್ಡು ತೂಗುಹಾಕಿದ್ದ: 'ನಮ್ಮಲ್ಲಿ ಹೆಂಡತಿಯರೂ ಪಾಸಾಗುತ್ತಾರೆ.'

ಆಮೇಲೆ ಮೇಷ್ಟ್ರ ಸ್ಕೂಲಿನ ಕಡೆ ಹೊಸಬರು ತಲೆ ಹಾಕಿರಲಿಲ್ಲ. ಪಕ್ಕದ ಮನೆಯ ಟೈಲರಮ್ಮ ಮಾತ್ರ, "ಈ ಸಲ ನಿಮ್ಮ ಮನೆಯವರು ಪಾಸಾದ್ರೆ ನಿಮ್ಮ ಹತ್ರಾನೇ ಸೇರ್ತೀನಿ. ಇಲ್ದಿದ್ರೆ ಬೇಜಾರು ಮಾಡ್ಕೋಬೇಡಿ" ಅಂದಿದ್ದಳು. ಅವಳ ಹಿಂದೆ ಅವಳ ಗಿರಾಕಿಗಳ ಒಂದು ದಂಡೇ ಇತ್ತು. ಸ್ಕೂಲು ಉಳಿಯುವುದೂ ಮುಳುಗುವುದೂ ಸಂಜೆಯ ದಿಬ್ಬದ ಮೇಲೆ ನಿಂತಿತ್ತು. ಈಗ ದಿಬ್ಬದವರೆಗೆ ಹೋಗಲು ಕಾರೇ ಇಲ್ಲ!

"ನೀನು ಕಾಲು ಸರಿಯಾಗಿ ಎತ್ತಲ್ಲ ಕಣೇ. ಅದಕ್ಕೇ ಸುಟ್ಟಿದ್ದು."

"ನಾನು ಎತ್ತೋ ಹೊತ್ತಿಗೆ ನೀವು ಒತ್ತಿರ್ತೀರಲ್ಲ!"

ಅದು ಹಳೆಯ ಜಗಳ. ಕಲಿಸುವ ಕಾರಾದ್ದರಿಂದ ಮೇಷ್ಟ್ರ ಸೀಟಿನ ಮುಂದೆಯೂ ಒಂದು ಕ್ಲಚ್ಚು, ಒಂದು ಬ್ರೇಕು ಇದ್ದವು. ಕಾರಿನ ಬೆನ್ನ ಮೇಲೆ ಕೆಂಪಕ್ಷರದಲ್ಲಿ, 'ಭಯ ಬೇಡ, ಮೇಷ್ಟ್ರ ಕಾಲಿದೆ' ಎಂದು ಬರೆಸಿದ್ದರು. ಆ ಎಡಗಾಲಿನ ಮೇಲೆ ಅವರಿಗಿದ್ದ ಹೆಮ್ಮೆ ಪೈಲ್ವಾನನಿಗೆ ತೋಳಿನ ಮೇಲೂ ಇರಲಾರದು.

ಕಾರನ್ನು ತಳ್ಳಿಸಿಕೊಂಡು ಗ್ಯಾರೇಜಿಗೆ ಬಂದಾಯಿತು. ಗ್ಯಾರೇಜು ಹೆಂಡತಿಯ ತಮ್ಮನದು. ಅವನು ಗೇರ್‌ಬಾಕ್ಸ್ ಇಳಿಸಿ, ಕ್ಲಚ್ ಬಿಚ್ಚಿ, ಅದರ ಹಿಂದಿನ ದಪ್ಪ ಚಕ್ರದ ಮೇಲೆ ಟಾರ್ಚು ಬಿಟ್ಟ.

"ಭಾವ, ಪ್ಲೇಟು ಬೂದಿ. ಫ್ಲೈವೀಲೂ ಹೋಗಿದೆ. ನೋಡಿ, ಸೀದ ಹೆಂಚಿನ ಥರ ನೀಲಿಗಟ್ಟಿದೆ. ಈ ಬಿರುಕು ನೋಡಿ. ಎರಡೂ ಹೊಸದು ತನ್ನಿ."

ಅಷ್ಟು ಹೊತ್ತಿಗೆ ಎದುರುಮನೆಯ ರಿಟೈರ್ಡ್ ಓವರ್‌ಸಿಯರ್ ಹಾಜರಾಗಿದ್ದರು. ಯಾರ ಮನೆಯಲ್ಲಿ ಏನು ಕೆಟ್ಟರೂ ಅವರ ಮೈಗೆ ಹುರುಪು ಬರುತ್ತಿತ್ತು.

"ಹೊಸದ್ಯಾಕಯ್ಯ? ಲೇತ್‌ಗೆ ಹಾಕಿ ಒಂದು ಪದರ ಹೆರೆಸು, ಕನ್ನಡಿ ಆಗುತ್ತೆ."

"ಬಿರುಕು ಒಳಗೆ ಇಳಿದಿದೆ ಸಾರ್. ಎಷ್ಟು ಹೆರೆದ್ರೂ ಬಿರುಕೇ ಸಿಗುತ್ತೆ. ಓಡ್ತಾ ಓಡ್ತಾ ಒಡೆದ್ರೆ ಭಾವನ ಕಾಲಿಗೇ ಬರುತ್ತೆ."

ಕಾಲಿನ ಮಾತು ಬಂದದ್ದೇ ಮೇಷ್ಟ್ರು ಸ್ಪೇರ್ ಪಾರ್ಟ್ಸ್ ಅಂಗಡಿಗೆ ಓಡಿದರು. ಓವರ್‌ಸಿಯರ್ ಕರೆಯದೆಯೇ ಹಿಂಬಾಲಿಸಿದರು.

ಅಂಗಡಿಯವರು ಕೌಂಟರಿನ ಮೇಲೆ ಎರಡು ಫ್ಲೈವೀಲು, ಎರಡು ಕ್ಲಚ್ ಸೆಟ್ಟು ಇಟ್ಟು, ಹುಡುಗಿ ತೋರಿಸುವವರ ಹಾಗೆ ಪಕ್ಕಕ್ಕೆ ಸರಿದು ನಿಂತರು.

"ಇದು ಹಗುರ ಚಕ್ರ. ಬೇಗ ಏರುತ್ತೆ, ಬೇಗ ಇಳಿಯುತ್ತೆ. ಇದು ತೂಕದ್ದು. ಏರೋದು ನಿಧಾನ, ಆದ್ರೆ ಒಂದು ಸಲ ತಿರುಗೋಕೆ ಶುರುವಾದ್ರೆ ಸುಲಭಕ್ಕೆ ನಿಲ್ಲಲ್ಲ."

"ನಮ್ಮತ್ತೆ ಮಾತಿನ ಹಾಗೆ" ಅಂದರು ಮೇಷ್ಟ್ರು.

"ಪ್ಲೇಟಲ್ಲೂ ಎರಡು ಥರ. ಇದು ಮೆತ್ತಗೆ ಹಿಡಿಯುತ್ತೆ. ಇದು ಹೆವಿ ಡ್ಯೂಟಿ, ಹಿಡಿದ್ರೆ ಬಿಡಲ್ಲ. ಕಾರು ಓಡ್ಸೋರು ಯಾರು?"

"ಯಾರು ಬಂದ್ರೂ ಓಡಿಸ್ತಾರೆ."

"ಹಾಗಾದ್ರೆ..." ಎಂದು ಅಂಗಡಿಯವರು ಬಾಯಿ ತೆರೆಯುವಷ್ಟರಲ್ಲಿ ಓವರ್‌ಸಿಯರ್ ತೀರ್ಪು ಕೊಟ್ಟರು: "ಚಕ್ರ ಹಗುರ ಇರಲಿ, ಮೈಲೇಜು ಬರುತ್ತೆ. ಪ್ಲೇಟು ಗಟ್ಟಿ ಇರಲಿ, ಮೊಮ್ಮಕ್ಕಳ ಕಾಲದವರೆಗೂ ಬರುತ್ತೆ. ಕಟ್ರೀ!"

ಓವರ್‌ಸಿಯರ್ ದನಿ ಏರಿಸಿದರೆ ಒಪ್ಪಿಬಿಡುವುದು ಆ ಬೀದಿಯವರಿಗೆಲ್ಲ ರೂಢಿಯಾಗಿತ್ತು. ಮೇಷ್ಟ್ರೂ ಒಪ್ಪಿದರು.

ಭಾವಮೈದ ಹೊಸ ಪ್ಲೇಟನ್ನು ಗೇರ್‌ಬಾಕ್ಸಿನ ಶಾಫ್ಟಿಗೆ ತೂರಿಸಲು ನೋಡಿದ. ಹೋಗಲಿಲ್ಲ. ತಿರುಗಿಸಿ ನೋಡಿದ. ಆಗಲೂ ಹೋಗಲಿಲ್ಲ.

"ಭಾವ, ಇದು ಸಾಮಾನು ಸಾಗಿಸೋ ವ್ಯಾನಿಂದು. ಆ ಹಗುರ ಚಕ್ರ ಬೇರೆ! ಅಕ್ಕ ಕಾಲೆತ್ತೋ ಮೊದಲೇ ಎಂಜಿನ್ ಆಫ್ ಆಗುತ್ತೆ. ಟೆಸ್ಟಿಗೆ ಹೋಗ್ತೀರೋ, ರೇಸಿಗೆ ಹೋಗ್ತೀರೋ?"

"ಮೊಮ್ಮಕ್ಕಳ ಕಾಲದವರೆಗೂ..." ಎಂದು ಶುರುಮಾಡಿದ ಓವರ್‌ಸಿಯರ್, ಮೇಷ್ಟ್ರ ಮುಖ ನೋಡಿ, ಮನೆಯಲ್ಲಿ ನಲ್ಲಿ ಬಿಟ್ಟು ಬಂದದ್ದು ನೆನಪಾಗಿ ಹೊರಟುಹೋದರು.

ಮೇಷ್ಟ್ರು ಚಕ್ರವನ್ನು ಕೂಸಿನ ಹಾಗೆ ಎದೆಗವಚಿಕೊಂಡು ಮತ್ತೆ ಓಡಿದರು. ಅಂಗಡಿ ಊಟಕ್ಕೆ ಮುಚ್ಚಿತ್ತು. ಹಿಂದುಗಡೆಯೇ ಮನೆ. ಬಾಗಿಲು ಬಡಿದರು. ಅಂಗಡಿಯವರು ಎಂಜಲು ಕೈಯಲ್ಲೇ ಬಂದು, "ಏನ್ರೀ, ಬೆಂಕಿ ಬಿತ್ತಾ?" ಅಂದರು.

"ಹೊಟ್ಟೆಗೆ ಬಿದ್ದಿದೆ ಸ್ವಾಮಿ. ಬನ್ನಿ!"

ಮತ್ತೆ ಅದೇ ಕೌಂಟರು. ಮೇಷ್ಟ್ರ ತಲೆಯೊಳಗೆ ಹಗುರ, ಭಾರ, ಮೆತ್ತಗಿನದು, ಗಟ್ಟಿಯದು ಎಲ್ಲ ಗರಗರ ತಿರುಗುತ್ತಿದ್ದವು. ಈ ಸಲವೂ ತಪ್ಪಿದರೆ ಮುಗಿಯಿತು. ಕೊನೆಗೆ ಹೆಂಡತಿಗೆ ಫೋನು ಮಾಡಿದರು.

"ಇಷ್ಟಕ್ಕೆಲ್ಲ ಯಾಕ್ರೀ ಒದ್ದಾಡ್ತೀರ? ತೂಕದ ಚಕ್ರ, ಮೆತ್ತಗೆ ಹಿಡಿಯೋ ಪ್ಲೇಟು. ಬೇರಿಂಗೂ ಸೆಟ್ಟಲ್ಲೇ ಇದೆಯಾ ನೋಡಿ. ಅವರಿಗೆ ನಮ್ಮ ಕಾರಿನ ಮಾಡೆಲ್ ಹೇಳಿ."

"ನಿಂಗೆ ಹೇಗೆ ಗೊತ್ತು?"

"ಓಡ್ಸೋಳು ನಾನು ತಾನೆ!"

ಗ್ಯಾರೇಜಿನಲ್ಲಿ ಮೇಷ್ಟ್ರು ಹೆರಿಗೆ ವಾರ್ಡಿನ ಹೊರಗೆ ಅಡ್ಡಾಡುವ ಗಂಡನಾದರು. ಭಾವಮೈದ ಕಾರಿನ ಕೆಳಗೆ ಮಲಗಿದ್ದ, ಎರಡು ಪಾದ ಮಾತ್ರ ಹೊರಗಿದ್ದವು. ಮೇಷ್ಟ್ರು ಆ ಪಾದಗಳನ್ನೇ ಮಾತಾಡಿಸುತ್ತಿದ್ದರು.

"ಆಯ್ತಾ?"

"ಇಲ್ಲ ಭಾವ."

"ಈಗ?"

"ನೀವು ಬಾಯಿ ಮುಚ್ಕೊಂಡ್ರೆ ಆಗುತ್ತೆ."

ಅಡ್ಡಾಡುವಾಗ ಯಾವುದೋ ಕಬ್ಬಿಣದ ತುಂಡು ಕಾಲಿಗೆ ತಡೆದು ಮುಗ್ಗರಿಸಿದರು. "ದರಿದ್ರ! ಗ್ಯಾರೇಜೋ ಗುಜರಿಯೋ!" ಎಂದು ಬೈದು, ಅದನ್ನು ರ‍್ಯಾಕಿನ ಕೆಳಗೆ ಒದ್ದರು.

ಮೂರೂವರೆಗೆ ಎಂಜಿನ್ ಶುರುವಾಯಿತು. "ಭಾವ, ಇರಿ, ಇನ್ನೊಂದು ಸಲ ಎಲ್ಲ ನೋಡಿಬಿಡ್ತೀನಿ" ಎಂದು ಭಾವಮೈದ ಕೂಗುತ್ತಿದ್ದರೂ ಕೇಳದೆ ಮೇಷ್ಟ್ರು ಪಕ್ಕದ ಸೀಟಿಗೆ ಹಾರಿದರು, "ನಡಿಯೇ!" ಅಂದರು. ಎಡಗಾಲಿಟ್ಟು ತಮ್ಮ ಕ್ಲಚ್ಚನ್ನು ಒತ್ತಿ ನೋಡಿದರು. ಬೆಣ್ಣೆಯಲ್ಲಿ ಬೆರಳಿಟ್ಟ ಹಾಗೆ ಇಳಿಯಿತು.

"ಆಹಾ! ಏನು ಮೆದು! ನೋಡ್ದ್ಯಾ, ನನ್ನ ಸೆಲೆಕ್ಷನ್?"

ಹೆಂಡತಿ ಅವರನ್ನೊಮ್ಮೆ ನೋಡಿ ಗೇರು ಹಾಕಿದಳು.

ಟೆಸ್ಟ್ ಮೈದಾನದಲ್ಲಿ ಇನ್‌ಸ್ಪೆಕ್ಟರು ಹಿಂದಿನ ಸೀಟಿನಲ್ಲಿ ಕೂತರು. ನಗು ಅವರ ಮುಖದ ದಾರಿ ಮರೆತು ವರ್ಷಗಳಾಗಿದ್ದವು. "ಮತ್ತೆ ನೀವೇನಾ? ಹೊಸ ಕೋಲು ನೆಟ್ಟಿದ್ದೀವಿ. ದಯವಿಟ್ಟು" ಅಂದರು.

ಎಂಟರ ಆಕಾರ ಮುಗಿಯಿತು. ತಿರುವು ಮುಗಿಯಿತು. ಮುಂದೆ ದಿಬ್ಬ. ಅರ್ಧ ಏರಿ, ನಿಲ್ಲಿಸಿ, ಹಿಂದಕ್ಕೆ ಜಾರದೆ ಮತ್ತೆ ಏರಬೇಕು. ಬೇಲಿಯಾಚೆ ಎದುರು ಸಾಲಿನ ಸ್ಕೂಲಿನವನು ಕೈಕಟ್ಟಿ ನಿಂತಿದ್ದ. ಸ್ವಲ್ಪ ದೂರದಲ್ಲಿ ಟೈಲರಮ್ಮ, ಕೊರಳಲ್ಲಿ ಅಳತೆ ಟೇಪಿನ ಸಮೇತ.

ಕಾರು ನಿಂತಿತು. ಹೆಂಡತಿ ನಿಧಾನಕ್ಕೆ ಕಾಲೆತ್ತತೊಡಗಿದಳು. ಕಾರು ಸಣ್ಣಗೆ ನಡುಗಿತು. ಮೇಷ್ಟ್ರ ಎದೆ ಅದಕ್ಕಿಂತ ಜೋರಾಗಿ ನಡುಗಿತು. ಹೋಯ್ತು, ಎಂಜಿನ್ ಆಫಾಯ್ತು, ಮಾನ ಹೋಯ್ತು! ಕಣ್ಣು ಬಿಗಿಯಾಗಿ ಮುಚ್ಚಿ, ಇದ್ದ ದೇವರನ್ನೆಲ್ಲ ನೆನೆದು, ಎಡಗಾಲನ್ನು ಬುಡದವರೆಗೆ ಒತ್ತಿದರು.

ಕಣ್ಣು ಬಿಟ್ಟಾಗ ಕಾರು ದಿಬ್ಬದ ನೆತ್ತಿಯ ಮೇಲಿತ್ತು. ಹಿಂದೆ ಕೋಲು ನೆಟ್ಟಗೆ ನಿಂತಿತ್ತು.

"ಪಾಸು" ಅಂದರು ಇನ್‌ಸ್ಪೆಕ್ಟರು, ಅವರೇ ನಂಬಲಾರದವರ ಹಾಗೆ.

ಸಂಜೆ ಮನೆಯ ಮುಂದೆ ಜನ ನೆರೆದಿತ್ತು. ಮೇಷ್ಟ್ರು ಕುರ್ಚಿಯ ಮೇಲೆ ಕೂತು, ಎಡಗಾಲನ್ನು ಸ್ಟೂಲಿನ ಮೇಲೆ ಪ್ರದರ್ಶನಕ್ಕಿಟ್ಟಿದ್ದರು.

"ನಡುಗ್ತು ನೋಡಿ, ಆ ಕ್ಷಣ! ಒಂದು ಚೂರು ತಡವಾಗಿದ್ರೂ ಕೆಟ್ಟಿತ್ತು. ಒತ್ತಿದೆ, ಬಿಟ್ಟೆ. ಇವಳು ಸ್ಟೀರಿಂಗ್ ಹಿಡ್ಕೊಂಡಿದ್ಳು, ಅಷ್ಟೇ. ಓಡಿಸಿದ್ದು ಈ ಕಾಲು."

"ಕಾಲು ಅಂದ್ರೆ ಕಾಲು!" ಅಂದರು ಓವರ್‌ಸಿಯರ್.

"ನಾಳೆಯಿಂದಲೇ ಸೇರ್ತೀನಿ ಮೇಷ್ಟ್ರೇ" ಅಂದಳು ಟೈಲರಮ್ಮ.

ಆಗ ಭಾವಮೈದ ಏದುಸಿರು ಬಿಡುತ್ತ ಗೇಟು ತಳ್ಳಿಕೊಂಡು ಬಂದ. ಕೈಯಲ್ಲೊಂದು ಕಬ್ಬಿಣದ ಸರಳು.

"ಭಾವ! ಟೆಸ್ಟಲ್ಲಿ ಏನೂ ಎಡವಟ್ಟಾಗಲಿಲ್ಲ ತಾನೆ? ನಿಮ್ಮ ಕಡೆಯ ಕ್ಲಚ್ಚಿಗೂ ಅಕ್ಕನ ಕಡೆಯ ಕ್ಲಚ್ಚಿಗೂ ನಡುವೆ ಕೂರೋ ರಾಡು ಇದು. ಯಾವನೋ ರ‍್ಯಾಕ್ ಕೆಳಗೆ ಒದ್ದಿದ್ದಾನೆ, ಈಗ ಸಿಕ್ತು. ಇದಿಲ್ದೆ ನೀವು ಒತ್ತಿದ್ರೂ ಅಷ್ಟೇ, ಬಿಟ್ರೂ ಅಷ್ಟೇ."

ಮೇಷ್ಟ್ರ ಎಡಗಾಲು ಸ್ಟೂಲಿನಿಂದ ಮೆಲ್ಲಗೆ ತಾನಾಗಿಯೇ ಕೆಳಗಿಳಿಯಿತು.

ಹೆಂಡತಿ ಸರಳನ್ನು ಕೈಗೆ ತೆಗೆದುಕೊಂಡು ತಿರುಗಿಸಿ ನೋಡಿದಳು. "ಅಂದ್ರೆ ಇವತ್ತು ಇದು ಇರಲಿಲ್ಲ, ಕಾರು ಏರ್ತು. ಹಿಂದೆ ಎರಡು ಸಲ ಇದು ಇತ್ತು, ಕಾರು ಉರುಳ್ತು. ಅಲ್ವೇನ್ರೀ?"

"ಅಕ್ಕ, ಪ್ಲೇಟು ಸುಟ್ಟಿದ್ದೂ..." ಎಂದು ತಮ್ಮ ಶುರುಮಾಡಿ, ಭಾವನ ಮುಖ ನೋಡಿ ಅರ್ಧಕ್ಕೇ ನುಂಗಿಕೊಂಡ.

ಟೈಲರಮ್ಮ ಗಂಟಲು ಸರಿಮಾಡಿಕೊಂಡಳು. "ನಾನು ಸೇರೋದಂತೂ ಸೇರ್ತೀನಿ. ಆದ್ರೆ ಪಕ್ಕದಲ್ಲಿ ನಿಮ್ಮ ಮನೆಯವರು ಕೂರ್ತಾರಾ?"

"ಕಲಿಸೋ ಲೈಸೆನ್ಸ್ ಇರೋದು ನನ್ನ ಹೆಸರಲ್ಲಿ!" ಅಂದರು ಮೇಷ್ಟ್ರು.

"ಇರಲಿ ಬಿಡಿ. ಹಿಂದಿನ ಸೀಟಲ್ಲಿ ಕೂತು ಬಾಯಲ್ಲಿ ಕಲಿಸಿ" ಅಂದಳು ಹೆಂಡತಿ. ಆ ಸರಳು ಅಂದಿನಿಂದ ಅಡುಗೆಮನೆಯ ಕಿಟಕಿಗೆ ಊರುಗೋಲಾಯಿತು.

ಮರುದಿನ ಬೆಳಗ್ಗೆ ಮಾರುಕಟ್ಟೆ ರಸ್ತೆಯ ಏರು. ಸ್ಟೀರಿಂಗಿನ ಮುಂದೆ ಟೈಲರಮ್ಮ, ಪಕ್ಕದಲ್ಲಿ ಕಾಲು ಮಡಚಿ ಕೂತ ಹೆಂಡತಿ, ಹಿಂದೆ ಮೇಷ್ಟ್ರು. ನಡು ಏರಿನಲ್ಲಿ ಕಾರು ಸಣ್ಣಗೆ ನಡುಗಿತು. ಮೇಷ್ಟ್ರು ಕಣ್ಣು ಮುಚ್ಚಿದರು. ಕಾರು ಏರಿ ಸಮತಟ್ಟಿಗೆ ಬಂದಾಗ ಬೆವರೊರೆಸಿಕೊಂಡು ನಿಟ್ಟುಸಿರುಬಿಟ್ಟರು: "ಸದ್ಯ! ಸಮಯಕ್ಕೆ ಸರಿಯಾಗಿ ಒತ್ತಿದೆ."

ಹೆಂಡತಿ ತಿರುಗಿಯೂ ನೋಡಲಿಲ್ಲ.

"ರೀ, ಕಾಲೆತ್ತಿ. ಮ್ಯಾಟು ಸವೆಯುತ್ತೆ."