ಬಲಕ್ಕಷ್ಟೇ ಬೆಳೆದ ಬೈನರಿ ಟ್ರೀಗೆ

ಮಾನ್ಯ ಬೈನರಿ ಟ್ರೀಯವರೇ,

ಬೇರನ್ನು ಮೇಲಿಟ್ಟು, ಎಲೆಗಳನ್ನು ಕೆಳಗೆ ಬಿಟ್ಟು ವಿರಾಜಮಾನರಾಗಿರುವ ತಮಗೆ, ಮುಂಬೈನ ವಿಲೆ ಪಾರ್ಲೆಯ ಕಾಲೇಜೊಂದರಲ್ಲಿ ಇಪ್ಪತ್ತೊಂದು ವರ್ಷಗಳಿಂದ ಸಂಖ್ಯಾಶಾಸ್ತ್ರ ಕಲಿಸುತ್ತಿರುವ ವಿಭಾಳ ಸವಿನಯ ನಮಸ್ಕಾರಗಳು.

ಮುಂದಿನ ವರ್ಷದಿಂದ ಕಾಲೇಜು ನನ್ನ ವಿಷಯವನ್ನೇ ಕೈಬಿಡಲಿದೆ. ಶನಿವಾರದ ಮಾದರಿ ಪಾಠದಲ್ಲಿ ತಮ್ಮನ್ನು ಸಿ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಕಟ್ಟಿ ತೋರಿಸಿದರೆ ಕಂಪ್ಯೂಟರ್ ವಿಭಾಗದಲ್ಲಿ ಕೆಲಸ, ಇಲ್ಲದಿದ್ದರೆ ಇಲ್ಲ ಎಂದು ಆ ವಿಭಾಗದ ಮುಖ್ಯಸ್ಥೆ ಮೋಹಿನಿ ಮೇಡಂ ತಿಳಿಸಿದ್ದರಿಂದ, ನಲವತ್ತಾರನೆಯ ವಯಸ್ಸಿನಲ್ಲಿ ನನಗೆ ತಮ್ಮ ಪರಿಚಯಭಾಗ್ಯ ಒದಗಿತು. ಕಂಪ್ಯೂಟರಿನಲ್ಲಿ ಸಂಖ್ಯೆಗಳನ್ನು ಬೇಗ ಹುಡುಕಲೆಂದು ತಮ್ಮನ್ನು ಕಟ್ಟುವ ನಿಯಮ ಸರಳವಾದದ್ದೇ: ಯಾವ ಸಂಖ್ಯೆಗೂ ಎರಡಕ್ಕಿಂತ ಹೆಚ್ಚು ಮಕ್ಕಳಿರಬಾರದು, ತನಗಿಂತ ಚಿಕ್ಕ ಸಂಖ್ಯೆ ಎಡಕ್ಕೆ ಹೋಗಬೇಕು, ದೊಡ್ಡದು ಬಲಕ್ಕೆ.

ಮೊದಲ ವಾರ ನಾನು ಕೊಟ್ಟ ಸಂಖ್ಯೆಗಳನ್ನೆಲ್ಲ ತಾವು ಸರ್ಕಾರಿ ಕಿಟಕಿಯಂತೆ ಸದ್ದಿಲ್ಲದೆ ಸ್ವೀಕರಿಸಿ, ಕೇಳಿದಾಗ ಏನೂ ಬಂದಿಲ್ಲವೆಂದಿರಿ. ಮರ ಎಲ್ಲಿ ಶುರುವಾಗುತ್ತದೆಂದು ಹೇಳುವ ಬೇರಿನ ವಿಳಾಸವನ್ನು ಪ್ರೋಗ್ರಾಮಿಗೆ ಹಿಂದಿರುಗಿಸಲು ಮರೆತವಳು ನಾನೇ ಎಂದು ಒಪ್ಪುತ್ತೇನೆ. ಆದರೆ ಎರಡನೆಯ ವಾರ, ತರಗತಿಯ ಅರವತ್ತನಾಲ್ಕು ಮಂದಿಯ ರೋಲ್ ನಂಬರುಗಳನ್ನು ಒಂದರಿಂದ ಕ್ರಮ ತಪ್ಪದೆ ಒಪ್ಪಿಸಿದಾಗ, ತಾವು ಒಬ್ಬರ ಬಲಕ್ಕೆ ಇನ್ನೊಬ್ಬರನ್ನು ನೇತುಹಾಕುತ್ತಾ ಹೋಗಿ, ಮರವಾಗುವ ಬದಲು ಸ್ಟೇಷನ್ ಹೊರಗಿನ ಆಟೋ ಕ್ಯೂ ಆದಿರಿ. ಕೊನೆಯವಳನ್ನು ಹುಡುಕಲು ಅರವತ್ತನಾಲ್ಕು ಬಾಗಿಲು ತಟ್ಟಬೇಕಾಯಿತು. ಶಿಸ್ತಿಗೆ ಇಷ್ಟು ಗೌರವ ಕೊಟ್ಟವರನ್ನು ನಾನು ಕಂಡಿಲ್ಲ. ತಾವಾಗಿಯೇ ಸ್ವಲ್ಪ ಎಡಕ್ಕೂ ವಾಲಬೇಕೆಂದೂ, ಸಾಧ್ಯವಾದರೆ ಶನಿವಾರದ ಮಟ್ಟಿಗೆ ಬೇರನ್ನು ಕೆಳಗಿಟ್ಟು ನಿಲ್ಲಬೇಕೆಂದೂ ಪ್ರಾರ್ಥಿಸಿಕೊಂಡೆ.

ಶನಿವಾರ ಲೋಕಲ್ ರೈಲುಗಳು ತಡವಾದವು. ಪಾಠದ ಹೊತ್ತಿಗೆ ಬೆಂಚಿನಲ್ಲಿದ್ದವಳು, ಬಸ್ ಹಿಡಿದು ಕುರ್ಲಾದಿಂದ ಬಂದ ಧಾತ್ರಿ ಒಬ್ಬಳೇ. ವರ್ಷವಿಡೀ ತಡವಾಗಿ ಬಂದು ನನ್ನಿಂದ ಗೈರುಹಾಜರಿ ಹಾಕಿಸಿಕೊಂಡ ಮೂವತ್ತೊಂದನೆಯ ನಂಬರಿನವಳು. ಹಿಂದಿನ ಸಾಲಿನಲ್ಲಿ ಮೋಹಿನಿ ಮೇಡಂ ಗಡಿಯಾರ ನೋಡುತ್ತಿದ್ದರು. ನಾನು ಪಟ್ಟಿ ಹಿಡಿದು ಒಂದನೆಯವನಿಗಾಗಿ ಕಾಯುತ್ತಿದ್ದಾಗ, ನನ್ನೊಂದಿಗೆ ಮಾತ್ರ ಮುರುಕು ಕನ್ನಡ ಆಡುವ ಧಾತ್ರಿ, "ಮ್ಯಾಮ್, ವೋ ಲಿಸ್ಟ್ ಛೋಡೋ ನಾ! ಯಾರು ಬರ್ತಾರೋ ಅವರನ್ನೇ ಹಾಕ್ತಾ ಹೋಗಿ" ಎಂದಳು.

ಹಾಕಿದೆ. ಮೂವತ್ತೊಂದು ಬೇರಾಯಿತು. ಬೆವರೊರೆಸಿಕೊಳ್ಳುತ್ತ ಬಾಗಿಲಲ್ಲಿ ಇಣುಕಿದವರೆಲ್ಲ ಹಿಂದೆಮುಂದೆಯಾಗಿ ತಮ್ಮ ಎರಡೂ ಕಡೆ ಹರಡಿಕೊಂಡರು. ಅತಿ ದೂರದವರಿಗೂ ಹನ್ನೊಂದೇ ಮೆಟ್ಟಿಲು. ಜೂನ್‌ನಿಂದ ಲ್ಯಾಬ್ ನಿಮ್ಮದು ಎಂದರು ಮೋಹಿನಿ ಮೇಡಂ.

ಕೆಲಸ ಉಳಿಯಿತು, ನಿಜ. ಆದರೆ ಇಪ್ಪತ್ತೊಂದು ವರ್ಷ ನಾನು ಕಾಪಾಡಿಕೊಂಡು ಬಂದ ಕ್ರಮವನ್ನು ಕ್ಯೂ ಮಾಡಿ, ತಡವಾಗಿ ಬಂದವರಿಂದ ಮರ ಕಟ್ಟಿಸಿಕೊಂಡು, ಧಾತ್ರಿಗೆ ಹಾಕಿದ ಗೈರುಹಾಜರಿಗಳನ್ನು ನಾನು ಮತ್ತೆ ತೆಗೆದು ನೋಡುವಂತೆ ಮಾಡಿದ ತಮ್ಮ ವರ್ತನೆಯನ್ನು ಈ ಮೂಲಕ ಖಂಡಿಸುತ್ತೇನೆ.

ಇಷ್ಟಾದರೂ ತಮ್ಮ ವಿಶ್ವಾಸಿ,
ವಿಭಾ

ತಾ.ಕ.: ಪಾಠ ಮುಗಿದ ಮೇಲೂ ತಾವು ಕಂಪ್ಯೂಟರಿನ ಮೆಮೊರಿಯಲ್ಲಿ ಹಿಡಿದ ಜಾಗ ಬಿಟ್ಟಿಲ್ಲವೆಂದು ಮೋಹಿನಿ ಮೇಡಂ ಆಕ್ಷೇಪಿಸಿದ್ದಾರೆ. ಮುಂಬೈಯಲ್ಲಿ ಸಿಕ್ಕ ಜಾಗವನ್ನು ಯಾರೂ ತಾವಾಗಿ ಬಿಡುವುದಿಲ್ಲ, ಬಲ್ಲೆ. ದಯವಿಟ್ಟು ಎಲೆಗಳನ್ನು ಮೊದಲು ಕಳಿಸಿ, ಬೇರು ಕೊನೆಗೆ ಹೊರಡಲಿ. ದೊಡ್ಡವರು ಮೊದಲೇ ಎದ್ದುಹೋದರೆ ಮಕ್ಕಳ ವಿಳಾಸ ಬಲ್ಲವರು ಯಾರೂ ಉಳಿಯುವುದಿಲ್ಲ. ಈ ಬಾರಿ ಮಾತ್ರ ಕ್ರಮ ತಪ್ಪಬೇಡಿ.